ಜೇಡಿಯ ಕೆಳಗಿನ ದನಿ

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣವಿರಲಿಲ್ಲ. ವಿನೋಬನಗರದ ಗಲ್ಲಿಯಲ್ಲಿ ಕರೆಂಟು ಹೋಗಿತ್ತು. ಮೇಣದಬತ್ತಿಯ ಸುತ್ತ ಮಂಡಕ್ಕಿ ಮೆಲ್ಲುತ್ತ ನಾಲ್ವರು ಕೂತಿದ್ದರು: ಭೀಮವ್ವ, ಮಗ ರವಿಚಂದ್ರ, ಏಳು ತಿಂಗಳ ಬಸುರಿ ಸೊಸೆ ರೇವತಿ, ಮೊಮ್ಮಗಳು ತನುಶ್ರೀ. ಹಿತ್ತಲ ಬೋರು ಬತ್ತಿ ತಿಂಗಳಾಗಿತ್ತು. ಇನ್ನೂ ಮುನ್ನೂರು ಅಡಿ ಇಳಿಸಲು ರವಿಚಂದ್ರ ಕೊರೆಯುವ ಗಾಡಿಗೆ ಹೇಳಿದ್ದ, ಬೆಳಿಗ್ಗೆ ಬರುವುದಿತ್ತು. ಬೇಡವೆಂದು ಭೀಮವ್ವ ಮೂರು ದಿನ ಗೋಗರೆದು ಸೋತಿದ್ದಳು. ಅತ್ತೆಯ ಹಟ ರೇವತಿಗೆ ಅರ್ಥವಾಗಿರಲಿಲ್ಲ. ಕೊಡ ಹೊತ್ತು ಹೊತ್ತು ಅವಳ ಸೊಂಟ ಬಿದ್ದುಹೋಗಿತ್ತು. ಕೂಸು ಬರುವ ಹೊತ್ತಿಗಾದರೂ ಮನೆಯಲ್ಲಿ ನೀರಿರಲಿ ಎಂಬುದೊಂದೇ ಅವಳ ಆಸೆ.

"ಅಜ್ಜಿ, ದೆವ್ವದ ಕತೆ ಹೇಳು," ಎಂದಳು ತನುಶ್ರೀ.

"ಹೇಳ್ತೀನಿ. ನೀನೂ ಕೇಳು, ನಿಮ್ಮಪ್ಪನೂ ಕೇಳ್ಲಿ," ಎಂದು ಭೀಮವ್ವ ಕಾಲು ಮಡಚಿ ಕೂತಳು.

"ಹರಿಹರದ ಆಚೆ, ಹೊಳೆ ದಂಡ್ಯಾಗೆ ನಮ್ಮೂರು. ಬ್ಯಾಸಿಗ್ಯಾಗೆ ಹೊಳೆ ಬತ್ತಿದ್ರೆ ಮರಳಾಗೆ ಗುಂಡಿ ತೋಡಿ ನೀರು ತುಂಬ್ತಿದ್ವಿ, ವರತೆ ಅಂತ. ಅದಕ್ಕೊಂದು ಕಟ್ಟಳೆ ಇತ್ತು… ನಡೆಯಾಕೆ ಬಂದ ಕೂಸಿಗೂ ಹೇಳಿಕೊಡ್ತಿದ್ರು. ಮರಳು ಮುಗದು ಜೇಡಿಮಣ್ಣು ಸಿಕ್ತು ಅಂದ್ರೆ ಹಾರೆ ಎತ್ತಿಬಿಡ್ಬೇಕು, ಕೊಡ ತುಂಬ್ಲಿ, ಬಿಡ್ಲಿ. ನೀರು ಹಿಡಿದಿರೋ ತಳ ಅದು, ಒಡೀಬಾರ್ದು. ಏಳೋವಾಗ ಒಂದು ಬೊಗಸೆ ನೀರು ಬಿಟ್ಟೇ ಏಳ್ಬೇಕು. ಯಾರಿಗೆ ಅಂತ ಕೇಳಿದ್ರೆ ನಮ್ಮತ್ತೆ 'ಇನ್ನಾ ಹುಟ್ಟದೋರಿಗೆ' ಅಂತಿದ್ಲು. ನಾನು ನಗ್ತಿದ್ದೆ. ಹುಟ್ಟದೋರಿಗೆ ಬಾಯಾರಿಕೆ ಹೆಂಗಾಗ್ತೈತೆ?

"ಆ ವರ್ಷ ಮಳೆ ಕೈಕೊಡ್ತು. ಈ ರವಿ ಒಂಬತ್ತು ತಿಂಗಳ ಕೂಸು. ವಾಂತಿಭೇದಿ ಹತ್ಕೊಂಡು ಕಣ್ಣು ಗುಳಿ ಬಿದ್ದು, ಅತ್ರೆ ಕಣ್ಣೀರೂ ಬರ್ತಿರ್ಲಿಲ್ಲ. ಮಟಮಟ ಮಧ್ಯಾಹ್ನ ಇವನ್ನ ಬೆನ್ನಿಗೆ ಕಟ್ಕೊಂಡು ಹೊಳೆಗೆ ಓಡಿದೆ. ಎದೆಮಟ ತೋಡಿದೆ, ಜೇಡಿ ಸಿಕ್ತು, ನೀರಿಲ್ಲ. ಕಟ್ಟಳೆ ನೆನಪಿತ್ತು, ಸುಳ್ಳು ಹೇಳಲ್ಲ. ಆದ್ರೆ ಹೆತ್ತ ಕರುಳು ಕಟ್ಟಳೆ ಕೇಳ್ತೈತೇನು? ಹಾರೆ ಹಾಕಿದೆ ನೋಡು… ಜೇಡಿ ಬಿರೀತು, ನೀರು ಬುಗ್ಗಂತ ಬಂತು! ಸೆರಗು ನೆನೆಸಿ ಇವನ ಬಾಯಿಗೆ ಹಿಂಡಿದೆ. ಕೊಡ ತುಂಬಿದೆ. ಕೂಸು ಕಣ್ಣು ಬಿಡ್ತು.

"ಅಷ್ಟೊತ್ತಿಗೆ ಗುಂಡಿ ಗೊಟಗೊಟ ಅಂತ ನೀರನ್ನೆಲ್ಲ ಒಳಗೆ ಎಳಕೊಂತು. ದಂಡೆ ಉದ್ದಕ್ಕೂ ಇದ್ದ ವರತೆಗಳೆಲ್ಲ ಒಣಗಿದ್ವು. ಆ ಬಿರುಕಿನಾಗಿಂದ ಒಂದು ದನಿ… ಎಳೆಕೂಸಿನ ದನಿ, ಗಂಟಲು ಒಣಗಿದ್ದು. 'ಅಜ್ಜಿ, ನನ್ನ ಬೊಗಸೆ ಎಲ್ಲೈತೆ?' ಅಂತು. ನಂಗಾಗ ಇಪ್ಪತ್ತೆರಡು ವರ್ಷ. ನನ್ನನ್ಯಾರು ಅಜ್ಜಿ ಅನ್ನೋರು? ಇವನಿಗೆ ನಾಕು ಗುಟುಕು ಇಟ್ಕೊಂಡು ಉಳಿದಿದ್ದೆಲ್ಲ ಬಿರುಕಿಗೆ ಸುರಿದೆ, ತುಂಬ್ಲಿಲ್ಲ. ಜೇಡಿ ಕಲೆಸಿ ಮೆತ್ತಿದೆ, ಉಗುರು ಕಿತ್ತೋಗೋ ತನಕ ಮೆತ್ತಿದೆ… ಬಿರುಕು ಮುಚ್ಚಲಿಲ್ಲ. ದನಿಯೂ ನಿಲ್ಲಲಿಲ್ಲ."

ರವಿಚಂದ್ರನಿಗೆ ಸಿಟ್ಟು ಬಂತು. "ಹಂಗಾರೆ ನನ್ನ ಸಾಯಾಕೆ ಬಿಡ್ಬೇಕಿತ್ತಾ ಅವ್ವ?"

"ಇಲ್ಲಪ್ಪ! ಇವತ್ತಾಗಿದ್ರೂ ಒಡೀತಿದ್ದೆ." ಭೀಮವ್ವನ ಕಣ್ಣಲ್ಲಿ ನೀರಿತ್ತು. "ಅದಕ್ಕೇ ಭಯ ಕಣೋ. ಎಲ್ಲಾರೂ ತಂತಮ್ಮ ಕೂಸಿಗೆ ಅಂತಾನೇ ಒಡೀತಾರೆ."

"ಅದು ಸತ್ತ ಕೂಸಿನ ದೆವ್ವಾನಾ ಅಜ್ಜಿ?"

"ಸತ್ತಿದ್ದಲ್ಲ ಮಗಳೆ. ಸತ್ತೋರು ಒಂದು ಎಡೆ ಇಟ್ರೆ ಸುಮ್ನಾಗ್ತಾರೆ. ಇದು ಇನ್ನಾ ಹುಟ್ಟಿಲ್ಲ. ನೀನು ಮೊದಲ್ನೇ ಸಲ 'ಅಜ್ಜಿ' ಅಂದಾಗ ಎದೆ ಹಿಡ್ಕೊಂಡು ಕೇಳಿದ್ದೆ… ಆ ದನಿ ನಿಂದಲ್ಲ."

ಭೀಮವ್ವನ ನೋಟ ರೇವತಿಯ ಹೊಟ್ಟೆಯ ಮೇಲೆ ನಿಂತಿತು. ರೇವತಿ ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡಳು.

"ಗಾಡಿ ಬರೋದು ಬ್ಯಾಡ ಅಂತ ಹೇಳ್ರಿ," ಎಂದಳು ಗಂಡನಿಗೆ.

ರವಿಚಂದ್ರ ಫೋನು ಕೈಗೆತ್ತಿಕೊಂಡ. ಹೆಸರು ಹುಡುಕಿದ. ಒತ್ತದೆ ಹಾಗೇ ಕೂತ.

"ಮತ್ತೆ ಕೂಸಿಗೆ ನೀರು?"

"ಅದೂ ಅದನ್ನೇ ಕೇಳ್ತಾ ಐತಪ್ಪ," ಎಂದಳು ಭೀಮವ್ವ, ಹಿತ್ತಲ ಕಡೆ ಕಿವಿಗೊಟ್ಟು. "ಮೂರು ದಿನ ಆತು, ಬೋರಿನ ಪೈಪಿನಾಗಿಂದ… ಈಗ್ಲೂ."