ಟವೆಲಿನ ಕೆಳಗಿನ ಕೈ

ಇದು ನಡೆದದ್ದು ನಮ್ಮ ಓಣಿಯ ಅಂಬಾದಾಸನಿಗೆ, ಹೋದ ಕಾರ್ತೀಕದಲ್ಲಿ. ಬಸವಕಲ್ಯಾಣದಿಂದ ಕಡೇ ಬಸ್ಸು ಹಿಡಿದು ಹುಮನಾಬಾದಿನಲ್ಲಿ ಇಳಿದಾಗ ಹನ್ನೊಂದು ಹೊಡೆದಿತ್ತು. ಹಳೇ ದನದ ಸಂತೆಯ ಮೈದಾನ ದಾಟಿ ಮನೆಗೆ ನಡೆಯುತ್ತಿದ್ದ.

ಈಗ ಅಲ್ಲಿ ಸಂತೆ ಇಲ್ಲ, ಪ್ಲಾಟಿನ ಕಲ್ಲುಗಳಿವೆ. ಮೈದಾನದ ನಡುವಿನ ಬಾವಿಗೂ ಮಣ್ಣು ತುಂಬಿದ್ದಾರೆ. ಊರು ಬೆಳೆಯಬೇಕಲ್ಲ! ಒಂದು ಕಾಲಕ್ಕೆ ಹೈದರಾಬಾದಿನ ಕಡೆಯವರು, ಸೊಲ್ಲಾಪುರದವರು, ಬೀದರ, ಕಲಬುರಗಿಯವರು ಎಲ್ಲರೂ ಆ ಬಾವಿಯ ಸುತ್ತ ಸೇರುತ್ತಿದ್ದರು. ಒಬ್ಬನದು ಮರಾಠಿ, ಒಬ್ಬನದು ತೆಲುಗು, ಇನ್ನೊಬ್ಬನದು ಉರ್ದು. ವ್ಯಾಪಾರಕ್ಕೆ ಮಾತೇ ಬೇಕಿರಲಿಲ್ಲ. ಟವೆಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ದರ ಹೇಳುವುದು. ಒಪ್ಪಿದರೆ ಅಂಗೈ ಒತ್ತುವುದು. ಒತ್ತಿದ ಮೇಲೆ ಮುಗಿಯಿತು, ತಿರುಗಿಸುವಂತಿಲ್ಲ. ಅಂಬಾದಾಸ ಅಲ್ಲಿ ಮೂವತ್ತು ವರ್ಷ ದಲಾಲಿ ಮಾಡಿದವನು.

ಅವನಲ್ಲಿ ಉಳಿದದ್ದು ಒಂದೇ ಎತ್ತು. ಅದು ಕರುವಿದ್ದಾಗಿಂದ ಹೆಂಡತಿ ಸುಮನಬಾಯಿ ಸಾಕಿದ್ದು. ಅವಳು ತೀರಿ ಮೂರು ತಿಂಗಳಾಗಿತ್ತು. ಅಂಬಾದಾಸ ಒಂದು ಹನಿ ಅತ್ತಿರಲಿಲ್ಲ. ಅಳು ಬರಲಿಲ್ಲ, ಏನೂ ಬರಲಿಲ್ಲ. ಮಗ ಪಂಡರಿ ಕೊಟ್ಟಿಗೆ ಕೆಡವಿ, ಹೈವೇ ಕಡೆ ಮುಖ ಮಾಡಿ ಅಂಗಡಿ ಕಟ್ಟಿಸುವವನಿದ್ದ. ಎತ್ತು ಒಯ್ಯಲು ಮರುದಿನ ಬೆಳಿಗ್ಗೆಯೇ ವ್ಯಾಪಾರಿ ಬರುವವನಿದ್ದ. ಬೇಡ ಅನ್ನಬೇಕೆಂದು ಅಂಬಾದಾಸನಿಗೆ ಇತ್ತು. ಮಗನ ಮುಂದೆ ಬಾಯಿ ಬರಲಿಲ್ಲ.

ಬಾವಿ ಇದ್ದ ಜಾಗದಲ್ಲಿ ಒಬ್ಬ ಕೂತಿದ್ದ... ತಲೆಗೆ ಪಟಗ, ಹೆಗಲ ಮೇಲೆ ಟವೆಲ್. ಮುಖ ಕತ್ತಲಲ್ಲಿ.

"ಎತ್ತು ಅದಾವೇನ್ರಿ?" ಪಿಸುಗುಟ್ಟಿದ.

"ಒಂದ ಅದ."

"ಕೊಡ್ತೀರಿ?"

ಅಂಬಾದಾಸ ಎದುರಿಗೆ ಕೂತ. ಆತ ಟವೆಲ್ ಹರವಿದ. ಮೂವತ್ತು ವರ್ಷದ ರೂಢಿ... ಕೈ ತಾನೇ ಒಳಗೆ ಹೋಯಿತು. ತಣ್ಣಗಿನ ಕೈಯೊಂದು ಸಿಕ್ಕಿತು. ಅದು ಬೆರಳು ಹಿಡಿಯಲಿಲ್ಲ, ದರ ಹೇಳಲಿಲ್ಲ. ನೇರ ಅಂಗೈ ಒತ್ತಿತು. ಇವನೂ ಒತ್ತಿಬಿಟ್ಟ.

ಆಗ ಕೇಳಿತು... ಕಿಣ್. ಕಿಣ್. ಟವೆಲಿನ ಕೆಳಗೆ ಗಾಜಿನ ಬಳೆ.

ದನದ ಸಂತೆಯಲ್ಲಿ ಹೆಂಗಸರು ಟವೆಲಿಗೆ ಕೈ ಹಾಕುವ ಪದ್ಧತಿಯೇ ಇಲ್ಲ. ಅಂಬಾದಾಸನ ಹೆಬ್ಬೆರಳು ಆ ಕಿರುಬೆರಳ ಮೇಲೆ ಸರಿಯಿತು. ಸೊಟ್ಟಗಿತ್ತು. ಆ ಎತ್ತು ಕರುವಿದ್ದಾಗ ತುಳಿದು ಮುರಿದ ಸುಮನಬಾಯಿಯ ಬೆರಳು.

"ಸುಮನ್?" ಅಂದ.

ಟವೆಲ್ ಮಣ್ಣಿಗೆ ಬಿತ್ತು. ಎದುರಿಗೆ ಯಾರೂ ಇಲ್ಲ. ಹೆದರಿಕೆ ಆಗಬೇಕಿತ್ತು, ಅದೂ ಆಗಲಿಲ್ಲ. ಎದ್ದು ಮನೆಯ ಕಡೆ ನಡೆದ.

ಓಣಿಯ ತಿರುವಿನಲ್ಲಿ ಎದುರಿನಿಂದ ಸಪ್ಪಳ. ಘಣ್... ಘಣ್... ಕೊರಳ ಗಂಟೆ. ಅದರ ಹಿಂದೆ ಗೊರಸಿನ ಟಪ್ ಟಪ್. ಲೈಟಿನ ಕಂಬದ ಕೆಳಗೆ ರಸ್ತೆ ಪೂರಾ ಖಾಲಿ. ಸಪ್ಪಳ ಅವನ ಪಕ್ಕದಿಂದಲೇ ಹಾದು ಹಿಂದಕ್ಕೆ ಹೋಯಿತು. ಬೆಚ್ಚಗಿನ ಉಸಿರು ಮೊಳಕೈಗೆ ತಾಗಿತು.

"ಸಾವಕಾಶ ಕರ್ಕೊಂಡು ಹೋಗ," ಅಂದ. ಆಮೇಲೆ ಯಾರದೋ ಮನೆಯ ಕಟ್ಟೆಯ ಮೇಲೆ ಕೂತು ಅತ್ತ.

ಮನೆಗೆ ಬಂದರೆ ಸೊಸೆ ಪೂನಂ ಮೊಬೈಲಿನ ಬೆಳಕು ಹಿಡಿದು ಕೊಟ್ಟಿಗೆಯಲ್ಲಿ ನಿಂತಿದ್ದಳು.

"ಮಾವಾ, ಎತ್ತು ನೀವ ಬಿಚ್ಚೀರೇನ್ರಿ?"

"ಇಲ್ಲವ್ವಾ... ಮಾರೇನಿ."

ನೀವು ನಂಬಿ, ಬಿಡಿ. ಬೆಳಿಗ್ಗೆ ವ್ಯಾಪಾರಿ ಬರಿಗೈಲಿ ಹೋದ ಮೇಲೆ ನಾನೇ ಕೊಟ್ಟಿಗೆಯೊಳಗೆ ಹೋಗಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಗ್ಗ ಗೂಟದಲ್ಲೇ ಇತ್ತು. ಹರಿದಿರಲಿಲ್ಲ. ಎತ್ತಿನ ಕೊರಳಿಗೆ ಹಾಕಿದ ಗಂಟು, ಹಾಕಿದ ಹಾಗೆಯೇ ಬಿಗಿಯಾಗಿತ್ತು.