ಸೂಜಿ ಚುಚ್ಚಿದಾಗ ಬರುವ ಮಾತು

ಅಯ್ಯೋ, ನಗಬೇಡಿ ಅಮ್ಮ! ಬಾಯಲ್ಲಿ ಹತ್ತಿ ಇದೆ, ನುಂಗಿಬಿಟ್ಟೀರಿ... ನಿಜಾನೇ ಹೇಳ್ತಿರೋದು. ಪೇಪರ್‌ನವರು ಹಾಕಿದ್ದಾರಲ್ಲ, ನಮ್ಮೂರಲ್ಲಿ ಯಾವ್ಯಾವ ಜನ ಎಷ್ಟೆಷ್ಟಿದ್ದಾರೆ ಅಂತ... ಹೊರಗೆ ಬೆಂಚಿನ ಮೇಲೆ ಕೂತು ನೀವೂ ಅದನ್ನೇ ಓದ್ತಾ ಇದ್ರಿ, ನೋಡಿದೆ. ಅದೆಲ್ಲ ಬಾಗಿಲಲ್ಲಿ ನಿಂತು ಕೇಳಿ ಬರೆದಿದ್ದು. ಬಾಗಿಲಲ್ಲಿ ನಿಂತವರಿಗೆ ಜನ ಏನು ಬೇಕಾದ್ರೂ ಹೇಳ್ತಾರೆ. ಈ ಕುರ್ಚಿ ಮೇಲೆ ಮಲಗಿಸಿ, ಅಂಗುಳಕ್ಕೆ ಒಂದು ಸೂಜಿ ಚುಚ್ಚಿ ನೋಡಿ! ಅವರವರ ಮಾತು ತಾನಾಗೇ ಹೊರಗೆ ಬರುತ್ತೆ. ಹುಟ್ಟಿದ ಮಾತಲ್ಲೇ ಕಿರುಚಬೇಕು ಅಮ್ಮ, ಕಲಿತ ಮಾತಲ್ಲಿ ಕಿರುಚೋಕೆ ಯಾರಿಗೂ ಬರಲ್ಲ.

ಬಾಯಿ ಇನ್ನೂ ಸ್ವಲ್ಪ... ಹಾಂ, ಹಾಗೇ. ಕೆನ್ನೆ ಕಡೆ ಸೂಜಿ ಆಯ್ತು, ಇನ್ನು ಮರಗಟ್ಟಬೇಕು. ಜುಮ್ ಅಂತಿದೆಯಾ? ಇನ್ನೂ ಇಲ್ವಾ? ಕಾಯೋಣ ಬಿಡಿ, ನನಗೇನು ಅವಸರ. ಮಧ್ಯಾಹ್ನದ ಮೇಲೆ ಇಲ್ಲಿ ನೊಣ ಕೂಡ ಬರಲ್ಲ. ನೀವು ಬಂದಿದ್ದೇ ಒಳ್ಳೇದಾಯ್ತು.

ಈಗ ಗುಡ್ಡದವರನ್ನ ತಗೊಳ್ಳಿ. ಪೇಟೆಗೆ ಬಂದು ಪ್ಯಾಂಟು ಹಾಕಿ, ಹೆಸರು ಬದಲಾಯಿಸಿ, ನಮ್ಮ ಥರಾನೇ ಮಾತಾಡ್ತಾರೆ. ಸೂಜಿ ತಾಗಿತೋ, ಅಪ್ಪನ್ನ ಕರೀತಾರೆ... ಗುಡ್ಡದ ಮೇಲಿರೋ ಅಪ್ಪನಿಗೇ ಕೇಳಬೇಕು, ಅಷ್ಟು ಜೋರಾಗಿ! ಇಟ್ಟಿಗೆ ಭಟ್ಟಿಗೆ ದೂರದಿಂದ ಬಂದವರಿದ್ದಾರಲ್ಲ, ಅವರು ಯಾರನ್ನೂ ಕರೆಯಲ್ಲ, ನೇರ ನನ್ನನ್ನೇ ಬೈತಾರೆ. ನಮ್ಮಜ್ಜಿ ತನಕ ಹೋಗ್ತಾರೆ, ಆಮೇಲೆ ಬಾಯಿ ಮುಕ್ಕಳಿಸಿ ನಮಸ್ಕಾರ ಹಾಕ್ತಾರೆ! ಇನ್ನು ಬೆಕ್ಕಿನ ಕಣ್ಣಿನವರು... ಸೇತುವೆ ಕಟ್ಟೋಕೆ ಹಡಗಲ್ಲಿ ಬಂದ ಬಿಳಿ ಇಂಜಿನಿಯರುಗಳ ಮರಿಮಕ್ಕಳು. ಆ ಮಾತು ಯಾವತ್ತೋ ಮರೆತುಹೋಗಿದೆ ಅವರಿಗೆ. ಮೊನ್ನೆ ಬೇಕರಿಯವನು ಮಲಗಿದ್ದ ಇಲ್ಲಿ. ಸೂಜಿ ಹೋದ ತಕ್ಷಣ ಏನೋ ಒಂದು ಪದ ಅಂದ. ಏನಪ್ಪಾ ಅದು ಅಂದೆ. ‘ಗೊತ್ತಿಲ್ಲ ಡಾಕ್ಟ್ರೇ, ನಮ್ಮ ತಾತ ಕೈ ಮೇಲೆ ಸುತ್ತಿಗೆ ಬಿದ್ರೆ ಹಾಗಂತಿದ್ನಂತೆ’ ಅಂದ!

ಮತ್ತೆ ನಗ್ತೀರಿ! ಹತ್ತಿ, ಹತ್ತಿ...

ನಾನಾ? ನಾವು ದೊಡ್ಡ ಬೀದಿಯವರಮ್ಮ. ಊರಲ್ಲಿ ಅರ್ಧಕ್ಕಿಂತ ಜಾಸ್ತಿ ನಾವೇ ತುಂಬ್ಕೊಂಡಿದ್ದೀವಿ. ಜೋರು ಬಾಯಿ, ಪುಕ್ಕಲು ಜೀವ. ನಮ್ಮತ್ತೆ... ನನ್ನ ಹೆಂಡತಿಯ ತಾಯಿ... ಸೂಜಿ ಕಂಡೇ ಕಿರುಚಿದ್ದಕ್ಕೆ ಪಕ್ಕದ ಬ್ಯಾಂಕಿನ ಕಾವಲುಗಾರ ಓಡಿಬಂದಿದ್ದ! ನೀವೂ ದೊಡ್ಡ ಬೀದಿಯವರ ಪೈಕಿನೇ ಅಂತಲ್ಲ? ನಿಮ್ಮ ಸೊಸೆ ಬಾಗಿಲಲ್ಲೇ ಹೇಳಿದ್ಲು. ನಾನು ಕೇಳಿರಲಿಲ್ಲ, ಆದ್ರೂ ಹೇಳಿದ್ಲು. ಮಗ ಪೋಸ್ಟಾಫೀಸಿಗೆ ವರ್ಗವಾಗಿ ಬಂದಿದ್ದಾರೆ, ನಾವೂ ನಿಮ್ಮವರೇ ಅಂತ... ಸಂತೋಷ. ಯಾಕೆ ಕಣ್ಣು ಮುಚ್ಕೊಂಡ್ರಿ? ಲೈಟು ಕಣ್ಣಿಗೆ ಹೊಡೀತಾ? ತಗೊಳ್ಳಿ, ಆಚೆ ತಿರುಗಿಸ್ತೀನಿ.

ಒಂದು ಕೇಳ್ಲಾ? ನಿಮ್ಮ ಹಲ್ಲಿನ ಮೇಲೆ ಈ ಕಂದು ಗೆರೆಗಳಿವೆಯಲ್ಲ... ಎಲೆಯಡಿಕೆಯಿಂದ ಬಂದಿದ್ದಲ್ಲ ಇದು. ನೀರಿಂದ. ಹಾಲುಹಲ್ಲಿನ ಕೆಳಗೆ ಹೊಸ ಹಲ್ಲು ಬೆಳೆಯೋ ಕಾಲಕ್ಕೆ ಕುಡಿದ ನೀರಿಂದ. ಉಪ್ಪಿನ ಗದ್ದೆ ಪಕ್ಕದ ಬಾವಿ ನೀರು ಹೀಗೇ ಮಾಡುತ್ತೆ... ಇಲ್ಲ ಇಲ್ಲ, ತಲೆ ಅಲ್ಲಾಡಿಸಬೇಡಿ! ಸುಮ್ನೆ ಹೇಳಿದೆ. ಬೇರೆ ಕಡೆಯೂ ಅಂಥ ನೀರಿರುತ್ತೆ.

ಉಪ್ಪಿನವರು ಅಂತ ಇದ್ರು ಇಲ್ಲಿ. ಊರಾಚೆ ಸಮುದ್ರದ ನೀರು ಕಟ್ಟಿ ಉಪ್ಪು ಮಾಡೋರು. ಪೇಪರಲ್ಲಿ ಅವರ ಹೆಸರ ಮುಂದೆ ಸೊನ್ನೆ ಹಾಕಿದ್ದಾರೆ. ಒಡೆದ ಹಿಮ್ಮಡಿ, ಕಂದು ಹಲ್ಲು, ಅದೇನೋ ಮಾತು... ಯಾರಿಗೂ ಬೇಡವಾದ ಜನ ಬಿಡಿ. ಶಾಲೆಯಲ್ಲಿ ಯಾರಾದ್ರೂ ತೊದಲಿದ್ರೆ ಮೇಷ್ಟ್ರೇ ‘ಬಾಯಲ್ಲಿ ಉಪ್ಪಿದೆಯೇನೋ?’ ಅನ್ನೋರು, ಇಡೀ ಕ್ಲಾಸು ಗೊಳ್ಳನೆ ನಗೋದು. ನಾನೂ ನಗ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗ್ತಿದ್ದೆ... ಈಗ ಯಾರೂ ಇಲ್ಲ. ಕೊನೆಯವಳು ಒಬ್ಬ ಮುದುಕಿ, ಹೋದ ಚಳಿಗಾಲ ತೀರ್ಕೊಂಡ್ಲು. ಯಾಕೆ ಹುಬ್ಬು ಏರಿಸ್ತೀರಿ? ನನಗೆ ಹೇಗೆ ಗೊತ್ತು ಅಂತಾನಾ? ಗೊತ್ತು... ಅಂದ್ರೆ, ಹಲ್ಲು ತೋರಿಸೋಕೆ ಬರ್ತಿದ್ಲು. ಡಾಕ್ಟ್ರಿಗೆ ಎಲ್ಲಾ ಗೊತ್ತಾಗುತ್ತೆ.

ಏನು ನೋಡ್ತಿದೀರಿ, ನನ್ನ ಹಲ್ಲಾ? ಬೆಳ್ಳಗಿವೆ ಅಲ್ವಾ? ಮುಂದಿನವು ಅಷ್ಟೂ ಕ್ಯಾಪು. ಓದೋವಾಗ ಸೈಕಲ್ಲಿಂದ ಬಿದ್ದಿದ್ದೆ... ಹೂಂ, ಅಷ್ಟೂ ಒಂದೇ ಸಲ! ಜೋರಾಗಿ ಬಿದ್ದಿದ್ದೆ.

ಸರಿ, ಈಗ ಅಂಗುಳಕ್ಕೆ. ಇದೇ ನೋಡಿ, ಊರನ್ನೆಲ್ಲ ಕಿರುಚಿಸಿದ ಸೂಜಿ. ನಾಚ್ಕೋಬೇಡಿ ಅಮ್ಮ, ಗಟ್ಟಿಯಾಗಿ ಕಿರುಚಿ. ಬಾಗಿಲು ಹಾಕಿದ್ದೀನಿ. ಫ್ಯಾನೂ ಜೋರು ಮಾಡಿದ್ದೀನಿ, ನಿಮ್ಮ ಸೊಸೆಗೆ ಕೇಳಲ್ಲ. ಯಾವ ಮಾತಲ್ಲಾದ್ರೂ ಸರಿ... ನಾನು ಯಾರಿಗೂ ಹೇಳಲ್ಲ. ದಮ್ಮಯ್ಯ, ಒಂದು ಸಲ... ಬಾಯಿ ಪೂರ್ತಿ ತೆಗೀರಿ. ಹೂಂ... ಇದೋ, ಈಗ... ನೇಲಿ, ನೇಲಿ, ನೇಲಿ... ಆಯ್ತು. ಆಯ್ತು, ಮುಗೀತು.

ಕಿರುಚಲೇ ಇಲ್ವಲ್ಲ!

ಹ್ಞೂಂ ಅಂತ ಕೂಡ ಇಲ್ಲ... ಕಣ್ಣಲ್ಲಿ ನೀರು ಬಂದಿದೆ, ನೋವಂತೂ ಆಗಿದೆ. ಮತ್ತೆ? ಯಾಕೆ ಹಾಗೆ ನೋಡ್ತಿದೀರಿ? ನಾನೇನಂದೆ? ನಾನು ಏನೂ ಅನ್ನಲಿಲ್ಲ... ಅದಾ? ನೇಲಿ ಅಂದಿದ್ದಾ? ಅದು... ಅದು ಔಷಧದ ಹೆಸರು. ಸೂಜಿಯೊಳಗಿನ ಔಷಧದ್ದು... ನಗಿ ಅಮ್ಮ. ಇಷ್ಟೊತ್ತು ನಗ್ತಿದ್ರಲ್ಲ, ಈಗ ನಗಿ! ಗೊತ್ತಿಲ್ಲದ ಮಾತು ಕೇಳಿದ್ರೆ ಯಾರಾದ್ರೂ ನಗ್ತಾರೆ, ಇಲ್ಲಾ ಏನದು ಅಂತ ಹುಬ್ಬಾದ್ರೂ ಏರಿಸ್ತಾರೆ. ನೀವ್ಯಾಕೆ ಸುಮ್ಮನಿದೀರಿ?

ಈ ಸೂಜಿಗೆ ಕಿರುಚದೇ ಇದ್ದೋಳು ಇನ್ನೊಬ್ಬಳೇ, ಇದೇ ಕುರ್ಚಿ ಮೇಲೆ. ನೋವಾದಾಗ ಬಾಯಿ ಬಿಟ್ರೆ ಮಾತು ಹೊರಗೆ ಬಿದ್ದುಬಿಡುತ್ತೆ, ಅದಕ್ಕೇ ನಮಗೆ ನಡೆಯೋದು ಕಲಿಸೋಕೂ ಮುಂಚೆ ತುಟಿ ಕಚ್ಕೊಳ್ಳೋದು ಕಲಿಸ್ತಾರೆ... ನಮಗೆ ಅಂದೆನಾ? ಅಂದೆ, ಅಲ್ವಾ... ಅಂದಾಯ್ತು. ಬರೀ ಹಲ್ಲು ತೋರಿಸೋಕೆ ಬರ್ತಿದ್ದೋಳಲ್ಲಮ್ಮ ಆ ಮುದುಕಿ. ನನ್ನ ಹೆತ್ತೋಳು. ನಮ್ಮ ಮನೆ ಹಿಂದಿನ ಕೋಣೆಯಲ್ಲಿದ್ಲು. ಅವಳಿಗೆ ಕಿವಿ ಕೇಳಲ್ಲ, ಬಾಯೂ ಬರಲ್ಲ ಅಂತ ಹೆಂಡತಿಗೆ ಹೇಳಿದ್ದೆ. ಸಾಯೋ ತನಕ ಮೂಗಿ ಆಗಿದ್ಲು, ನಮ್ಮವ್ವ, ನನಗೋಸ್ಕರ. ಮನೇಲಿ ಯಾರೂ ಇಲ್ಲದಾಗ ಇಬ್ಬರೂ ಪಿಸುಪಿಸು ಅಂತ... ಏನು ದೊಡ್ಡ ಮಾತು? ಬಿಸಿಲು ಜಾಸ್ತಿ, ಚಾದರ ತೆಗಿ, ನಿನ್ನ ತಲೆಕೂದಲು ಉದುರ್ತಿದೆ, ನೋವಾದ್ರೆ ನೇಲಿ, ಹೋಗುತ್ತೆ ಬಿಡು ಅಂತ... ಅಷ್ಟೇ. ಅಷ್ಟು ಸಾಕಾಗಿತ್ತು.

ಈಗ ನಲ್ಲಿ ಬಿಟ್ಟು, ಆ ಶಬ್ದದಲ್ಲಿ ನನ್ನ ಹತ್ರ ನಾನೇ ಮಾತಾಡ್ತೀನಿ. ಪದಗಳು ಮರೆತುಹೋಗ್ತಿವೆ ಅಮ್ಮ. ಬಾಚಣಿಗೆಗೆ ಏನಂತಿದ್ವಿ? ನಿನ್ನೆಯಿಂದ ನೆನಪಾಗ್ತಿಲ್ಲ. ಯಾರನ್ನ ಕೇಳ್ಲಿ? ಊರು ತುಂಬ ಜನ, ಕೇಳೋಕೆ ಒಬ್ಬರಿಲ್ಲ! ಒಂದೇ ಒಂದು ಮಾತು ಹೇಳಿ. ಬೇಡ, ಮಾತು ಬೇಡ, ತಲೆ ಆಡಿಸಿ ಸಾಕು. ಹೌದು ಅಂತಲೋ, ಅಲ್ಲ ಅಂತಲೋ... ಅಲ್ಲ ಅಂತಲೂ ಅನ್ನಲ್ವಾ?

ಬಾಗಿಲು ಬಡೀತಿದ್ದಾಳೆ ನಿಮ್ಮ ಸೊಸೆ... ಒಂದು ನಿಮಿಷಮ್ಮಾ, ಆಯ್ತು! ಬಾಯಿ ತೆಗೀರಿ. ನೋವಾಗಲ್ಲ, ಬರೀ ಎಳೆದ ಹಾಗಾಗುತ್ತೆ... ಹಲ್ಲು ಬಂತು. ಹತ್ತಿ ಕಚ್ಕೊಳ್ಳಿ, ಗಟ್ಟಿಯಾಗಿ. ಮನೆ ಸೇರಿದ ಮೇಲೂ ಸ್ವಲ್ಪ ಹೊತ್ತು ಮಾತಾಡೋ ಹಾಗಿಲ್ಲ... ನೋಡಿ, ನಾನೇ ಹೇಳಬೇಕಾಗಿದೆ.

ಬಾಮ್ಮ, ಒಳಗೆ ಬಾ. ಇಲ್ಲ, ನಿಮ್ಮತ್ತೆ ಕಿರುಚಲೇ ಇಲ್ಲ, ಗಟ್ಟಿಗಿತ್ತಿ. ದೊಡ್ಡ ಬೀದಿಯವರು ಅಂದ್ರೆ ಸುಮ್ನೇನಾ! ಏನೂ ಮಾತಾಡಲಿಲ್ಲ ಅವರು, ವಟವಟ ಅಂದಿದ್ದೆಲ್ಲ ನಾನೇ... ಕೈನಾ? ಓ, ಇದಾ... ಕುರ್ಚಿಯಿಂದ ಏಳೋವಾಗ ತಲೆ ಸುತ್ತುತ್ತಲ್ಲ, ಅದಕ್ಕೇ ನನ್ನ ಕೈ ಹಿಡ್ಕೊಂಡಿದ್ದಾರೆ. ಬಿಡಿ ಅಮ್ಮ, ನಿಮ್ಮ ಸೊಸೆ ಹಿಡ್ಕೋತಾಳೆ... ಬಿಡಿ... ಬಿಡ್ತಾನೇ ಇಲ್ಲ ನೋಡಮ್ಮ ಇವರು. ಗಾಬರಿ ಆಗಬೇಡ, ತಾಯಿ. ತಲೆ ಸುತ್ತಿರೋದು ಅವರಿಗಲ್ಲ... ನನಗೆ.