ಬಲಮಗ್ಗಲದ ಗಾಲಿ

ಸ್ವಲ್ಪ ಸಮೀಪ ಬರ್ರಿ. ಇದನ್ನ ನಾ ದೊಡ್ಡ ದನಿಲೆ ಹೇಳೂದಿಲ್ಲ.

ನಮ್ಮ ಕಾಕಾನ ಮಗ ಶಿವಪ್ರಕಾಶ ಅದಾನಲ್ಲ, ಮರೋಳದ ಕಡೆ ಹೊಳಿ ದಂಡ್ಯಾಗ ರೈತರ ಪಂಪ್‌ಸೆಟ್ ರಿಪೇರಿ ಮಾಡಾಂವ... ಅಂವಗ ಆಗಿದ್ದು ಇದು. ಡ್ಯಾಮಿನ ಹಿನ್ನೀರು ಇಳದಂಗ ಮೋಟರನೂ ನೀರಿನ ಬೆನ್ನ ಹತ್ತಿ ಕೆಳಗ ಹೋಗಬೇಕು. ಅಲ್ಲೆಲ್ಲಾ ಬರೇ ಎರಿಮಣ್ಣಿನ ಕೆಸರು, ರಾಡಿ. ಬೈಕ್ ನಡಿಯೂದಿಲ್ಲ. ಅದಕ ಅಂವ ಒಂದು ಹಳೇ ಸಣ್ಣ ಜೀಪು ತಗೊಂಡಿದ್ದ.

ದಾರಿ ಹೋಗೂದು ಮುಳುಗಡಿ ಆದ ಹಳೇ ಊರಿನ ನಡುವಿಂದ. ಮಳಿಗಾಲದಾಗ ಅದು ನೀರಾಗ ಇರತೈತಿ. ಬ್ಯಾಸಗ್ಯಾಗ ಮ್ಯಾಲೆ ಬರತೈತಿ. ಗೋಡಿ ಬುಡ, ಒಳಕಲ್ಲು, ಒಂದು ಬಾವಿ... ಬಾವಿ ಸುತ್ತಲ ಹಾಸಗಲ್ಲು ಇನ್ನೂ ಗಟ್ಟಿ ಅದಾವ.

ಒಂದಿನ ಮುಚ್ಚಂಜಿ ಹೊತ್ತು. ಬಾವಿ ಹತ್ರ ಬಂದಾಗ ಜೀಪು ನಿಂತುಬಿಡ್ತು. ಎಡಗಡೆ ಹಿಂದಿನ ಗಾಲಿ ರಾಡ್ಯಾಗ ಚರ್ರ್... ಅಂತ ತಿರಗಾಕ ಹತ್ತೇತಿ. ಬಲಮಗ್ಗಲದ್ದು ಗಟ್ಟಿ ಹಾಸಗಲ್ಲಿನ ಮ್ಯಾಲೆ ಐತಿ, ಆದ್ರ ಅಳ್ಳಾಡವಲ್ದು. ಎಷ್ಟು ರೇಸ್ ಕೊಟ್ರೂ ಅಷ್ಟ. ಕಡೀಗಿ ಶಿವಪ್ರಕಾಶ ಜೀಪು ಅಲ್ಲೇ ಬಿಟ್ಟು ನಡಕೋತ ಹೊಂಟ.

ಬಾವಿ ದಾಟೂ ಮುಂದ ಹಿಂದಿಂದ ಒಂದು ಹೆಣ್ಣದನಿ. ಮೆಲ್ಲಕ... ಕೂಸು ಮಲಗಿದ ಮನ್ಯಾಗ ಮಾತಾಡಿದಂಗ.

"ಈ ಗಾಲಿ ನಂದು..."

ಕುರಿ ಕಾಯಾಕ ಬಂದಾಕಿ ಇರಬೇಕು ಅಂದುಕೊಂಡ. "ಯಾರವ್ವಾ?" ಅಂದ.

"...ಆ ಗಾಲಿ ನಿಂದು."

ಅಂವ ಹೊಳ್ಳಿ ನೋಡಲಿಲ್ಲ. ಡಾಂಬರ್ ರಸ್ತೆ ಮುಟ್ಟೂತನ ನೋಡಲಿಲ್ಲ.

ಮುಂಜಾನೆ ಟ್ರ್ಯಾಕ್ಟರಿಗಿ ಹಗ್ಗ ಕಟ್ಟಿ ಜೀಪು ಎಳಸಿಕೊಂಡು, ನೆಟ್ಟಗ ಇಳಕಲ್ಲಿಗಿ ಹೋದ. ಅಲ್ಲಿ ರಾಚಯ್ಯ ಅಂತ ಜೀಪಿನ ಮಿಸ್ತ್ರಿ ಅದಾರ, ವಯಸ್ಸಾದವರು. ಶಿವಪ್ರಕಾಶ ಗಾಲಿ ಸುದ್ದಿ ಹೇಳಿದ. ದನಿ ಸುದ್ದಿ ಹೇಳಲಿಲ್ಲ. ಹೆಂಗ ಹೇಳೂದು?

"ಅದರಾಗ ಏನೂ ವಿಶೇಷ ಇಲ್ಲ ತಮ್ಮಾ" ಅಂದ್ರು ರಾಚಯ್ಯ. "ಹಿಂದಿನ ಎರಡು ಗಾಲಿ ನಡುವ ಡಿಫ್ರೆನ್ಶಿಯಲ್ ಇರತೈತಿ. ಯಾವ ಗಾಲಿ ಜಾರತೈತಿ, ಇಂಜಿನ್ ಜೋರೆಲ್ಲಾ ಅದಕ್ಕ ಕೊಡತೈತಿ. ಗಟ್ಟಿ ನೆಲದಾಗ ಇದ್ದದ್ದು ಸುಮ್ಮ ನಿಲ್ಲತೈತಿ. ಲಾಕ್ ಹಾಕಸು, ಎರಡೂ ಕೂಡೇ ತಿರಗತಾವ."

"ಯಾವ ಲಾಕ್ ಹಾಕಸಲ್ರಿ?"

"ಎರಡು ನಮೂನಿ ಅದಾವ. ಒಂದಕ್ಕ ಹಿಡಕಿ ಇರತೈತಿ. ರಾಡಿ ಬಂತಂದ್ರ ನೀ ಎಳೀಬೇಕು, ಪಾರಾದಿ ಅಂದ್ರ ಬಿಡಬೇಕು. ಇನ್ನೊಂದು ತಾನ ಹಿಡಕೋತೈತಿ. ನಿನ್ನ ಕೇಳೂದಿಲ್ಲ. ಗಾಡಿ ತಿರುವಿದಾಗ ಟಕ್ ಟಕ್ ಅಂತೈತಿ, ನೆಟ್ಟಗ ಹೋಗೂವಾಗ ಸುಮ್ಮ ಇರತೈತಿ. ನಿಂದು ಸಣ್ಣ ಗಾಡಿ, ಹಗರ. ತಾನ ಹಿಡಿಯೂದು ಹಾಕಿದ್ರ ಎಳದಾಡತೈತಿ. ಹಿಡಕಿದ ಹಾಕಸು. ಬಿಡೂದು ನಿನ್ನ ಕೈಯಾಗ ಇರಲಿ."

ಶಿವಪ್ರಕಾಶ ಭಾಳ ಹೊತ್ತು ವಿಚಾರ ಮಾಡಿದ. ಅಂವನ ಮನಸಿನ್ಯಾಗ ಇದ್ದದ್ದು ಒಂದ... ಆ ದನಿ ಮತ್ತ ಬಂದಾಗ ಹಿಡಕಿ ಎಳ್ಯಾಕ ಆಗಲಿಲ್ಲ ಅಂದ್ರ?

"ತಾನ ಹಿಡಿಯೂದ ಇರಲ್ರಿ" ಅಂದ.

ರಾಚಯ್ಯ ಮಾರಿ ನೋಡಿದ್ರು. ಹಾಕಿ ಕೊಟ್ರು.

ಮರುದಿನ ಸುನಂದಾನ ಅಣ್ಣನ ಮೋಟರ್ ಕೆಟ್ಟಿತು. ಸುನಂದಾ ಅಂದ್ರ ಶಿವಪ್ರಕಾಶನ ಹೆಂಡ್ತಿ. ಅಣ್ಣನ ಹೊಲ ಆ ಬಾವಿಯಿಂದ ಮುಂದ. ಅತ್ತಿಗಿನ್ನ ಮಾತಾಡಿಸಿ ಬರ್ತೇನಿ ಅಂತ ಆಕಿನೂ ಜೀಪು ಹತ್ತಿದ್ಲು. ಕೆಲಸ ಲಗೂ ಮುಗೀತೈತಿ ಅಂದುಕೊಂಡಿದ್ರು. ಮುಗೀಲಿಲ್ಲ. ಹೊಳ್ಳಿ ಬರೂ ಮುಂದ ಕತ್ತಲಾಗಿತ್ತು.

ಬಾವಿ ಹತ್ರ ಗಾಲಿ ಜಾರಿತು. ಕೆಳಗ ಖಟ್... ಅಂತ ಲಾಕ್ ಹಿಡೀತು. ಎರಡೂ ಗಾಲಿ ತಿರಗಿದ್ವು. ಜೀಪು ರಾಡಿ ಬಿಟ್ಟು ಹಾಸಗಲ್ಲಿಗಿ ಏರಿತು. ಶಿವಪ್ರಕಾಶ ಉಸರ ಬಿಟ್ಟ.

ಆಗ ಹಿಂದಿಂದ ಸಪ್ಪಳ. ನೀರಾಗ ನೆನೆದ ಕೌದಿ ಕಲ್ಲಿನ ಮ್ಯಾಲೆ ಎಳದಂಗ. ಸರ್ರ್... ಸರ್ರ್...

"ರೀ, ಗಾಲಿಗಿ ಏನೋ ಸಿಕ್ಕೈತಿ" ಅಂದ್ಲು ಸುನಂದಾ.

ಜೀಪು ಬಲಕ್ಕ ಹೊಳ್ಳಾಕ ಹತ್ತಿತ್ತು. ಅಂವ ಸ್ಟೇರಿಂಗ್ ಪೂರಾ ಎಡಕ್ಕ ತಿರುವಿ ಹಿಡದಾನ. ಜೀಪು ಬಲಕ್ಕ ಹೊಂಟೈತಿ. ಬಾವಿ ಸುತ್ತ. ಟಕ್... ಟಕ್... ಟಕ್... ಬ್ರೇಕ್ ಒತ್ತಿದ. ಪೆಡಲ್ ಕಲ್ಲ ಆಗೈತಿ. ಜೀಪು ನಿಂದರಲಿಲ್ಲ. ಒಂದು ಸುತ್ತು ಆತು. ಇನ್ನೊಂದು ಸುತ್ತು, ಮೊದಲಿನಕಿಂತ ಬಾವಿಗಿ ಸಮೀಪ.

"ಬಂದ್ ಮಾಡ್ರಿ."

"ಬಂದ್ ಮಾಡೇನಿ."

ಖರೆನ ಮಾಡಿದ್ದ. ಚಾವಿ ಅಂವನ ಕೈಯಾಗ ಇತ್ತು. ಇಂಜಿನ್ ಸಪ್ಪಳ ಇಲ್ಲ. ಜೀಪು ನಡದೈತಿ... ಟಕ್... ಟಕ್...

ಅಂವ ಗೇರಿನ ಮಗ್ಗಲಕ ಕೈ ಹಾಕಿದ. ಲಾಕ್ ಬಿಡಬೇಕಂತ. ಅಲ್ಲಿ ಹಿಡಕಿ ಇರಲಿಲ್ಲ. ಅಂವ ಹಾಕಿಸಿರಲೇ ಇಲ್ಲ. ಬರೇ ಗಾಳ್ಯಾಗ ಕೈ ಆಡಿಸಿದ.

"ನೀ ಹಾರು" ಅಂದ. ಸುನಂದಾ ಕುಂತಿದ್ದು ಎಡಗಡೆ, ಅತ್ತ ಬಯಲು. ಅಂವನ ಕಡೆ ಬಾಗಲಾ ತಗದ್ರ ಬಾವಿ. ಆಕಿ ಹಾರಲಿಲ್ಲ. ಅಂವನ ಅಂಗಿ ತೋಳು ಹಿಡಕೊಂಡು, ಹಿಂದಕ ಮಾರಿ ಮಾಡಿ, ಒಮ್ಮೆ ಮೆಲ್ಲಕ ಕೇಳಿದ್ಲು:

"ಬಿಡ ಯವ್ವಾ... ನಾವು ಮನಿಗಿ ಹೋಗಾವ್ರು."

ಬರೇ ಟಕ್... ಟಕ್... ಆಮ್ಯಾಲೆ ಅಂವನ ಕಿವಿ ಹಿಂದ, ಗೇಣು ದೂರದಾಗ:

"ನಂದೂ ಮನಿ ಇಲ್ಲೇ ಇತ್ತು."

ಜೀಪು ನಿಂತಿತು. ಬಲಮಗ್ಗಲದ ಗಾಲಿ ಅರ್ಧ ಬಾವಿ ಅಂಚಿನ ಮ್ಯಾಲೆ. ಇಬ್ಬರೂ ಎಡಗಡೆ ಬಾಗಲಿಂದ ಇಳದ್ರು. ಓಡಬೇಕಂದ್ರ ರಾಡ್ಯಾಗ ಕಾಲು ಏಳವಲ್ವು. ಒಬ್ಬರ ಕೈ ಒಬ್ಬರು ಹಿಡಕೊಂಡು ನಡದ್ರು. ಸುನಂದಾ ಒಮ್ಮೆ ಹೊಳ್ಳಿ ನೋಡಿದ್ಲಂತ. ಜೀಪು ನಿಂತಲ್ಲೇ ನಿಂತಿತ್ತು. ಸಪ್ಪಳ ಅಷ್ಟ ಬಾವಿ ಸುತ್ತ ಹೊಂಟಿತ್ತು... ಟಕ್... ಟಕ್... ಆಚೆ ಮಗ್ಗಲಕ ಹೋಗಿ ಸಣ್ಣದಾಗತಿತ್ತು, ಈಚೆ ಬಂದು ಮತ್ತ ದೊಡ್ಡದಾಗತಿತ್ತು.

ಶಿವಪ್ರಕಾಶ ಎಂಟು ದಿನ ಜ್ವರ ಬಂದು ಮಲಗಿದ. ಹೊಳಿ ನೀರು ಏರಿ ಬಾವಿ ಮುಳುಗಿದ ದಿನ, ಸುನಂದಾ ಅಡಗಿ ಮಾಡೂದು ಬಿಟ್ಟು ಬಾಗಲ ಹೊಚ್ಚಲ ಮ್ಯಾಲೆ ಕುಂತು ಅತ್ಲು. ಯಾಕ ಅಂತ ಕೇಳಿದ್ರ, "ಆಕಿ ಒಳಗ ಅದಾಳ" ಅಂದ್ಲು. ಅಷ್ಟ.

ಜೀಪನ್ನ ನೀರು ಏರೂಕಿಂತ ಮೊದಲ ಎಳಸಿ ಇಳಕಲ್ಲಿಗಿ ಒಯ್ದವರು ನಾವ. ಲಾರಿ ಮ್ಯಾಲೆ ಹೇರಿ. ರಾಚಯ್ಯ ಹಿಂದಿನ ಡಿಫ್ರೆನ್ಶಿಯಲ್ ಬಿಚ್ಚಿ ನೋಡಿದ್ರು. ಲಾಕ್ ಚಲೋ ಇತ್ತು. ಒಂದು ಹಲ್ಲೂ ಮುರದಿದ್ದಿಲ್ಲ. ಆಮ್ಯಾಲೆ ಗಾಲಿ ಬಿಚ್ಚಿ ಗೋಡಿಗಿ ಆನಿಸಿದ್ರು, ನನ್ನ ಕರದ್ರು.

ಲಾಕ್ ಹಾಕಿದ ದಿನಾನ ಹಿಂದಿನ ಎರಡೂ ಟೈರ್ ಹೊಸಾವು ಹಾಕಿ ಕೊಟ್ಟಿದ್ರಂತ ಅವರು. ಎಡಗಡೇದು ಸವದು ಒಳಗಿನ ನೂಲು ಕಾಣಾಕ ಹತ್ತಿತ್ತು. ಬಲಮಗ್ಗಲದ್ದು... ಹೊಸಾ ಟೈರಿನ ಮ್ಯಾಲೆ ರಬ್ಬರಿನ ಸಣ್ಣ ಸಣ್ಣ ಕೂದಲಾ ಇರತಾವಲ್ಲ, ನೆಲಕ್ಕ ತಾಗಿದ ಕೂಡಲೇ ಹೋಗೂವಂಥಾವು... ಅವು ಒಂದೂ ಹೋಗಿದ್ದಿಲ್ಲ. ಅದ ಗಾಲಿ ಇಳಕಲ್ಲಿನಿಂದ ಮರೋಳತನ ಡಾಂಬರ್ ಮ್ಯಾಲೆ ಓಡಿತ್ತು, ಆದ್ರೂ ನೆಲ ಮುಟ್ಟಿದ ಗುರುತಿಲ್ಲ.

ಖರೆ ಐತಿ. ಯಾರೋ ಹೇಳಿದ್ದು ಕೇಳಿ ಹೇಳಾಕ ಹತ್ತಿಲ್ಲ ನಾ. ಸುತ್ತೂಕಡೆ ಅಂಗೈ ಆಡಿಸಿ ನೋಡೇನಿ. ಎಲ್ಲಾ ಕೂದಲಾ ಇದ್ವು.